‘ಮೋಟಾರ್ ಸುಟ್ಟಿಲ್ಲ, ತಗೊಂಡು ಹೋಗ್ರಿ’

ಪ್ರಶ್ನೆ: ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಆರು ವರ್ಷವಾಯಿತು. ನನಗೀಗ 31. ಮನೆ ನಡೆಯುತ್ತದೆ, ಸಾಲ ಹೆಚ್ಚಿಲ್ಲ. ಆದರೆ ಜೊತೆಗೆ ಓದಿದವರು ಬೆಂಗಳೂರಿನಲ್ಲಿ ಫ್ಲಾಟ್ ತಗೊಂಡರು, ಊರಿಗೆ ಬಂದಾಗಲೆಲ್ಲ ‘ಇನ್ನೂ ಅದೇ ಅಂಗಡಿನಾ?’ ಅಂತಾರೆ. ಮನೆಯಲ್ಲೂ ಎರಡನೇ ಅಂಗಡಿ ತೆಗೆ ಅಂತ ಹೇಳುತ್ತಿದ್ದಾರೆ. ಸಣ್ಣ ವ್ಯಾಪಾರ ಮಾಡುವ ಹಿರಿಯರು ‘ನಾನು ಗೆದ್ದೆ’ ಅಂತ ಯಾವಾಗ ಅಂದುಕೊಳ್ಳುತ್ತೀರಿ?

ಉತ್ತರ:

ನಾನು ಕುಷ್ಟಗಿಯವನು. 22 ವರ್ಷದಿಂದ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ, ಅಂದರೆ ಸುಟ್ಟ ಪಂಪಿನ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಈಗ ಇರುವುದು ಒಂದೇ ಅಂಗಡಿ, ಕೆಲಸಕ್ಕೆ ಇಬ್ಬರು ಹುಡುಗರು. ನಿನ್ನೆ ರಾತ್ರಿ ನಿಮ್ಮ ಪ್ರಶ್ನೆ ಓದಿ ನಾಲ್ಕು ಸಾಲು ಬರೆದೆ, ಅಳಿಸಿದೆ. ಇದಕ್ಕೆ ನಿಜವಾದ ಉತ್ತರ ಕೊಡಬೇಕೆಂದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದನ್ನು ಮುಚ್ಚಿಟ್ಟು ಬರೆದರೆ ಶಾಲೆಯ ಗೋಡೆ ಮೇಲಿನ ಸುಭಾಷಿತವಾಗುತ್ತದೆ ಅಷ್ಟೆ, ನಿಮಗೆ ಏನೂ ಉಪಯೋಗವಿಲ್ಲ.

ಮೊದಲು ಗಲ್ಲಾದ ಮಾತು ಮುಗಿಸುತ್ತೇನೆ. ನನ್ನ ಅಂಗಡಿಗೆ ಅತಿ ಹೆಚ್ಚು ಕೆಲಸ ಬಂದದ್ದು 2023ರ ಬರದಲ್ಲಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ ಅದು. ನಿಮ್ಮ ಸಿಂಧನೂರಿಗೆ ತುಂಗಭದ್ರಾ ಎಡದಂಡೆ ನಾಲೆ ಇದೆ. ನಮ್ಮ ಕಡೆ ಬೇಸಾಯ ನಿಂತಿರುವುದು ಬೋರಿನ ಮೇಲೆ. ಬೋರಿನಲ್ಲಿ ನೀರು ಕೆಳಗಿಳಿದಾಗ ಮೋಟಾರ್ ನೀರಿಲ್ಲದೆ ತಿರುಗುತ್ತದೆ, ಬುಷ್ ತಿಂದುಹೋಗುತ್ತದೆ, ಕಾದು ಕಾದು ಕೊನೆಗೆ ವೈಂಡಿಂಗೇ ಸುಡುತ್ತದೆ. ದಾಳಿಂಬೆ ಗಿಡ ಉಳಿದರೆ ಸಾಕು ಎಂದು ರೈತರು ಇದ್ದಬದ್ದ ನೀರನ್ನೆಲ್ಲ ಎತ್ತಲು ಹೋಗಿ ಮೋಟಾರ್ ಸುಟ್ಟುಕೊಂಡು ಬಂದರು. ಅಂಗಡಿ ಮುಂದೆ ಬೆಳಿಗ್ಗೆ ಆರಕ್ಕೇ ಟಂಟಂ ನಿಂತಿರುತ್ತಿದ್ದವು. ಹುಡುಗರು ರಾತ್ರಿ ಹನ್ನೊಂದರವರೆಗೆ ಕಾಯಿಲ್ ಸುತ್ತುತ್ತಿದ್ದರು.

ಆ ವರ್ಷದ ವಹಿ ತೆಗೆದು ನೋಡಿದರೆ ನನ್ನಷ್ಟು ಗೆದ್ದವರಿಲ್ಲ. ಅದೇ ವಹಿಯ ಹಿಂದಿನ ಹಾಳೆಗಳಲ್ಲಿ ಉದ್ರಿ ಬರೆದಿದ್ದೇನೆ, ಅದು ಎರಡು ಪುಟ ದಾಟಿ ಮೂರನೇ ಪುಟಕ್ಕೆ ಹೋಗಿತ್ತು. ಮರುವರ್ಷ ಮಳೆಯಾಯಿತು. ಕೆಲಸ ಅರ್ಧಕ್ಕೆ ಇಳಿಯಿತು, ಹಳೆ ಬಾಕಿ ಒಂದೊಂದಾಗಿ ಬಂತು, ರೈತರು ಅಂಗಡಿಯಲ್ಲಿ ಕೂತು ನಗುತ್ತಾ ಚಹಾ ಕುಡಿದರು. ರೈತ ಸೋತ ವರ್ಷವೇ ನನ್ನ ಗಲ್ಲಾ ತುಂಬುತ್ತದೆ ಎಂದ ಮೇಲೆ ಆ ಗಲ್ಲಾದಿಂದ ನನ್ನ ಬದುಕನ್ನು ಅಳೆಯಲು ನನಗೆ ಮನಸ್ಸಾಗುವುದಿಲ್ಲ. ನಿಮ್ಮ ಅಂಗಡಿಗೂ ಇಂಥ ಒಂದು ಲೆಕ್ಕ ಇರುತ್ತದೆ, ಹುಡುಕಿ ನೋಡಿ. ಯಾವ ತಿಂಗಳು ವ್ಯಾಪಾರ ಏರಿತು ಎನ್ನುವುದರ ಜೊತೆಗೆ ಯಾಕೆ ಏರಿತು ಎಂದೂ ಬರೆದಿಡಿ.

ಈಗ ತಪ್ಪಿನ ವಿಷಯ.

ನಿಮ್ಮ ಮನೆಯವರು ಈಗ ಹೇಳುವಂತೆಯೇ 2017ರ ಕೊನೆಗೆ ನಾನೂ ಎರಡನೇ ಅಂಗಡಿ ತೆಗೆದೆ. ಬರೀ ರಿಪೇರಿ ಮಾಡಿಕೊಂಡು ಎಷ್ಟು ದಿನ ಇರುತ್ತೀ, ಹೊಸ ಪಂಪು, ಪೈಪು, ಸ್ಟಾರ್ಟರ್ ಮಾರು ಎಂದು ನಾಲ್ಕು ಜನ ಹೇಳಿದರು, ನನಗೂ ಹೌದೆನಿಸಿತು. ಸಾಲ ತೆಗೆದೆ. ತಿಂಗಳಿಗೆ 14,500 ರೂಪಾಯಿ ಕಂತು. ಮೊದಲ ಆರು ತಿಂಗಳು ಬೋರ್ಡು ನೋಡಿಕೊಂಡೇ ಹೊಟ್ಟೆ ತುಂಬುತ್ತಿತ್ತು. ಆಮೇಲೆ ಕಷ್ಟ ತಿಳಿಯಿತು. ನಾನು ಆ ಅಂಗಡಿಯಲ್ಲಿದ್ದರೆ ಈ ಅಂಗಡಿಯ ಕೆಲಸ ಕೆಡುತ್ತಿತ್ತು, ಇಲ್ಲಿದ್ದರೆ ಅಲ್ಲಿಯ ಮಾಲು ಕದಲುತ್ತಿರಲಿಲ್ಲ. ಹೊಸ ಪಂಪು ಒಯ್ದವರು ಸುಗ್ಗಿಗೆ ಕೊಡುತ್ತೇವೆ ಎಂದರು. ಬ್ಯಾಂಕಿನ ಕಂತಿಗೆ ಸುಗ್ಗಿ ಬರುವುದಿಲ್ಲವಲ್ಲ, ಅದು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ.

2018ರ ಒಂದು ಸಂಜೆ ತಾವರಗೇರಾ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ 3 ಎಚ್‌ಪಿ ಮೊನೊಬ್ಲಾಕ್ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು. ಬಟನ್ ಒತ್ತಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಎಂದರು. ನಾಳೆ ಬಂದು ಒಯ್ಯುತ್ತೇನೆ ಎಂದು ಕೊನೆಯ ಬಸ್ಸಿಗೆ ಹೋದರು. ರಾತ್ರಿ ಕವರ್ ಬಿಚ್ಚಿದೆ. ವೈಂಡಿಂಗ್ ತಾಮ್ರದ ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು. ಸುಟ್ಟ ಮೋಟಾರಿಗೆ ಒಂದು ವಾಸನೆ ಇರುತ್ತದೆ, ಮೂಗಿಗೆ ಬಡಿದ ಕೂಡಲೇ ತಿಳಿಯುತ್ತದೆ. ಅದೂ ಇರಲಿಲ್ಲ. ಬೇರಿಂಗ್ ಎರಡೂ ಜಂಗು ಹಿಡಿದು ಬಿಗಿದುಕೊಂಡಿದ್ದವು, ಅಷ್ಟೇ. ಮಜೂರಿ ಸೇರಿಸಿ 900 ರೂಪಾಯಿಯ ಕೆಲಸ.

ಮೂರು ದಿನದಲ್ಲಿ ಕಂತು ಕಟ್ಟಬೇಕಿತ್ತು. ಖಾತೆಯಲ್ಲಿದ್ದ ದುಡ್ಡು ಸಾಲುತ್ತಿರಲಿಲ್ಲ.

ಬೆಳಿಗ್ಗೆ ಅಜ್ಜ ಬಂದಾಗ ‘ಸುಟ್ಟೈತ್ರಿ ಅಜ್ಜಾರ, ಪೂರ್ತಿ ಕಟ್ಟಬೇಕು’ ಅಂದೆ. ಅವರು ‘ನಾ ಏನ್ ಬಲ್ಲೆಪಾ ತಮ್ಮಾ, ನೀ ಹೆಂಗ ಅಂತಿ ಹಂಗ’ ಅಂದರು. ಎರಡು ದಿನ ಮೋಟಾರನ್ನು ಮೂಲೆಯಲ್ಲಿ ಇಟ್ಟುಕೊಂಡೆ. ಬೇರಿಂಗ್ ಹಾಕಿದೆ. ಹೊಸದಾಗಿ ಕಟ್ಟಿದಂತೆ ವಾಸನೆ ಬರಲಿ ಎಂದು ಇದ್ದ ವೈಂಡಿಂಗಿನ ಮೇಲೆಯೇ ಒಂದು ಕೈ ವಾರ್ನಿಷ್ ಎಳೆದೆ. 4,200 ರೂಪಾಯಿ ಬಿಲ್ ಮಾಡಿದೆ. ನಮ್ಮಲ್ಲಿ ಸುಟ್ಟ ತಾಮ್ರ ರೈತನದು. ಅದನ್ನು ಅವನೆದುರು ತೂಗಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಅಜ್ಜನೂ ಕೇಳಿದರು, ‘ಹಳೀ ತಂತಿ ಎಲ್ಲೈತೋ ತಮ್ಮಾ?’ ಬೇರೆ ಯಾವುದೋ ಮೋಟಾರಿನಿಂದ ಕಿತ್ತ ಕರೀ ತಂತಿ ಗುಡ್ಡೆಯಲ್ಲಿತ್ತು. ಅದನ್ನೇ ತೂಗಿ ತೋರಿಸಿ 700 ಕಳೆದೆ. ಬನಿಯನ್ನಿನ ಒಳಜೇಬಿನಿಂದ ನೋಟು ತೆಗೆದು, ಬೆರಳಿಗೆ ಉಗುಳು ಹಚ್ಚಿಕೊಂಡು ಎರಡು ಸಲ ಎಣಿಸಿ 3,500 ಕೊಟ್ಟರು. ಕಂತು ಕಟ್ಟಿದೆ.

ಮುಂದಿನ ವರ್ಷ ಶೇಂಗಾ ಕೀಳುವ ಹೊತ್ತಿನಲ್ಲಿ ಅದೇ ಅಜ್ಜ ಬಂದರು. ಕೈಯಲ್ಲಿ ಒಂದು ಚೀಲ ಹಸಿ ಶೇಂಗಾ. ‘ನೀ ಕಟ್ಟಿದ ಮೋಟಾರ್ ವರ್ಷಾತು, ಒಂದ್ ದಿನಾ ತಕರಾರ್ ಮಾಡಿಲ್ಲ ನೋಡು. ಮನ್ಯಾಗ ಹುಡುಗ್ರಿಗೆ ಕುದಿಸಿ ಕೊಡು’ ಅಂದರು. ನಮ್ಮ ಓಣಿಯವರಿಗೆಲ್ಲ ನಿನ್ನ ಅಂಗಡಿಗೇ ಹೋಗ್ರಿ ಅಂತ ಹೇಳೀನಿ ಅಂದರು. ಹಾಗೆ ಅವರ ಹೆಸರು ಹೇಳಿಕೊಂಡು ಬಂದವರು ಆರು ಜನ. ಆ ಆರು ಜನರ ಕೆಲಸ ಮಾಡುವಾಗಲೂ ನನ್ನ ಕೈ ಹಗುರಾಗಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಹೊಗಳಿ, ಶೇಂಗಾ ಕೊಟ್ಟು ಹೋದರು.

ಎರಡನೇ ಅಂಗಡಿಯನ್ನು 2020ರ ಲಾಕ್‌ಡೌನ್ ಮುಗಿಸಿತು. ಉಳಿದ ಮಾಲನ್ನು ಸಿಕ್ಕ ಬೆಲೆಗೆ ಮಾರಿ ಸಾಲದ ಬಹುಪಾಲು ತೀರಿಸಿದೆ. ಆಗ ನನ್ನ ಹೆಂಡತಿ ಒಂದು ಮಾತು ಕೇಳಿದಳು. ‘ತಿಂಗಳಿಗೆ ನಮಗ ಎಷ್ಟ ಬೇಕು ಅಂತ ಒಂದರೆ ಸಲ ಬರದು ನೋಡೀರೇನು?’ ಹದಿನೈದು ವರ್ಷಕ್ಕೂ ಹೆಚ್ಚು ಅಂಗಡಿ ನಡೆಸಿದವನು ನಾನು, ಬರೆದಿರಲಿಲ್ಲ. ಅವತ್ತು ರಾತ್ರಿ ಇಬ್ಬರೂ ಕೂತು ಬರೆದೆವು. ಮನೆಗೆ 24,000. ಅಂಗಡಿಯ ದೊಡ್ಡ ಹುಡುಗನಿಗೆ 14,000, ಸಣ್ಣವನಿಗೆ 9,000. ಬಾಡಿಗೆ 4,500. ಕರೆಂಟು, ಚಹಾ, ಗಾಡಿ ಎಣ್ಣೆ ಎಲ್ಲ ಸೇರಿ ಇನ್ನೆರಡು ಸಾವಿರ. ಸುಮಾರು 53,500. ಇದರ ಮೂರರಷ್ಟು, ಅಂದರೆ 1 ಲಕ್ಷ 60 ಸಾವಿರ, ಯಾರೂ ಮುಟ್ಟದ ಹಾಗೆ ಒಂದು ಕಡೆ ಇರಬೇಕು ಎಂದಳು ಅವಳು. ಅಷ್ಟಿದ್ದರೆ ಮೂರು ತಿಂಗಳು ಒಂದೂ ಮೋಟಾರ್ ಬರದಿದ್ದರೂ ನಾನು ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಅಜ್ಜನ ವಿಷಯ ಅವಳಿಗೆ ಆಗ ಗೊತ್ತಿರಲಿಲ್ಲ. ‘ಸುಳ್ಳು’ ಎನ್ನುವ ಮಾತು ನನ್ನ ತಲೆಯಲ್ಲಿ ಬಂದದ್ದು, ಅವಳ ಬಾಯಲ್ಲಲ್ಲ.

ಪಿಗ್ಮಿ ಹುಡುಗ ದಿನಾ ಸಂಜೆ ಬರುತ್ತಾನೆ, ನಿಮ್ಮ ಅಂಗಡಿಗೂ ಬರುತ್ತಿರಬೇಕು. ದಿನಕ್ಕೆ 300 ರೂಪಾಯಿಯಂತೆ ಒಂದೂವರೆ ವರ್ಷ ಹಾಕಿದೆ. ದೊಡ್ಡ ದೊಡ್ಡ ಯೋಜನೆಗಳಿಂದ ಆಗದೆ ಹೋದದ್ದು ಆ ಪಿಗ್ಮಿ ಪುಸ್ತಕದಲ್ಲಿ ಆಯಿತು. ತಂತಿಯನ್ನು ಉದ್ರಿ ತರುವುದನ್ನೂ ಬಿಟ್ಟೆ. ಮೊದಲು ಹುಬ್ಬಳ್ಳಿಯಿಂದ ತಿಂಗಳ ವಾಯಿದೆ ಮೇಲೆ ತರುತ್ತಿದ್ದೆ. ಇತ್ತ ರೈತ ಆರು ತಿಂಗಳಿಗೆ ಕೊಡುತ್ತಾನೆ, ಅತ್ತ ತಂತಿಯವನು ಮೂವತ್ತೊಂದನೇ ದಿನ ಫೋನ್ ಮಾಡುತ್ತಾನೆ. ಈ ಎರಡರ ನಡುವೆ ಸಿಕ್ಕವನು ಎಷ್ಟೇ ಒಳ್ಳೆಯವನಾದರೂ ಒಂದಲ್ಲ ಒಂದು ದಿನ ಬಾಯಿ ತಪ್ಪುತ್ತಾನೆ. ಈಗ ಕೈಯಲ್ಲಿದ್ದಷ್ಟಕ್ಕೆ ತಂತಿ. ಉದ್ರಿ ಒಟ್ಟು ಒಂದೂವರೆ ಲಕ್ಷ ಮುಟ್ಟಿದರೆ ಹೊಸ ಉದ್ರಿ ಇಲ್ಲ ಎನ್ನುತ್ತೇನೆ. ಹಾಗೆ ಅನ್ನುವುದು ಕಷ್ಟ. ಎದುರಿಗೆ ಒಣಗುತ್ತಿರುವ ತೋಟದ ಮಾಲೀಕ ನಿಂತಿರುತ್ತಾನೆ. ಎರಡು ಸಲ ಗೆರೆ ದಾಟಿದ್ದೇನೆ, ಇಲ್ಲ ಅನ್ನುವುದಿಲ್ಲ.

2021ರಲ್ಲಿ 2,600 ರೂಪಾಯಿ ಎಣಿಸಿಕೊಂಡು ಅಜ್ಜನ ಊರಿಗೆ ಹೋದೆ. ಗುಡಿ ಕಟ್ಟೆ ಮೇಲೆ ಕೂತಿದ್ದರು. ಮನೆಗೆ ಹೋಗೋಣ ಅಂದೆ, ಅಲ್ಲಿ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಗೋಡೆಗೆ ಒರಗಿಸಿದ್ದ ಹೊಲದ ಕುಂಟಿ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತ ಹೇಳಿದ್ರ ನಾನಾ ಒಂದ್ ಸಾವಿರ ಕೈಗಡ ಕೊಡ್ತಿದ್ನಲ್ಲೋ. ಹಿಂಗ್ಯಾಕ ಮಾಡಿದಿ?’ ಅಂದರು. ದುಡ್ಡು ಇಸಿದುಕೊಂಡರು. ಚಹಾ ಕುಡಿಸಿಯೇ ಕಳಿಸಿದರು. ಆದರೆ ಮುಂದೆ ಎರಡು ವರ್ಷ ನನ್ನ ಅಂಗಡಿಗೆ ಬರಲಿಲ್ಲ. ಮೂರನೇ ವರ್ಷ ಬಂದರು. ಮೋಟಾರ್ ಬಿಚ್ಚುವಾಗ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತರು, ಜೋಡಿಸುವವರೆಗೂ ಏಳಲಿಲ್ಲ. ಈಗಲೂ ಹಾಗೇ ಕೂರುತ್ತಾರೆ. ಅದು ಅವರ ಹಕ್ಕು.

ಅಲ್ಲಿಂದ ಯಾರದೇ ಮೋಟಾರ್ ಇರಲಿ, ಮಾಲೀಕನ ಎದುರೇ ಬಿಚ್ಚುತ್ತೇನೆ. ಸ್ಟಾರ್ ಕನೆಕ್ಷನ್ನಿನ ಮೋಟಾರ್, ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಹೋಗಿ ಸುಟ್ಟಿದ್ದರೆ ಎರಡು ಫೇಸಿನ ಕಾಯಿಲ್ ಇದ್ದಿಲಾಗಿರುತ್ತವೆ, ಮೂರನೆಯದು ಕೆಂಪಗೆ ಹಾಗೇ ಇರುತ್ತದೆ. ಒಳಗೆ ಎರಡು ಕಪ್ಪು, ಒಂದು ಕೆಂಪು ಪಟ್ಟಿ ಸಾಲಾಗಿ ಸುತ್ತಿಕೊಂಡು ಬಂದದ್ದು ಕಣ್ಣಿಗೆ ಕಾಣುತ್ತದೆ. ರೈತನ ಬೆರಳು ಹಿಡಿದು ಮುಟ್ಟಿಸಿ ತೋರಿಸುತ್ತೇನೆ. ಒಂದು ಫೇಸ್ ಹೋದಾಗ ತಾನಾಗಿ ಬಂದ್ ಆಗುವ ಪ್ರಿವೆಂಟರ್ ಹಾಕಿಸಿ, ಹಾಕಿದ ಮೇಲೆ ಅದನ್ನು ತಪ್ಪಿಸಿ ನೇರ ಕೊಡಬೇಡಿ ಎನ್ನುತ್ತೇನೆ. ಅವರು ನನ್ನ ಮಾತು ಕೇಳಿದರೆ ಆ ಮೋಟಾರ್ ಮತ್ತೆ ನಾಲ್ಕೈದು ವರ್ಷ ನನ್ನ ಅಂಗಡಿಯ ಮುಖ ನೋಡುವುದಿಲ್ಲ. ವಾರಕ್ಕೆ ಮೂರೋ ನಾಲ್ಕೋ ಮೋಟಾರ್ ‘ಸುಟ್ಟಿಲ್ಲ, ತಗೊಂಡು ಹೋಗ್ರಿ’ ಎಂದು ವಾಪಸ್ ಹೋಗುತ್ತವೆ. ಕೇಬಲ್ ಜಾಯಿಂಟ್ ಬಿಟ್ಟಿರುತ್ತದೆ, ಕಪಾಸಿಟರ್ ಹೋಗಿರುತ್ತದೆ. ನೂರೋ ಇನ್ನೂರೋ ತಗೊಂಡು ಕಳಿಸುತ್ತೇನೆ.

ನೀವು ಕೇಳಿದ ಗೆಲುವು ನನ್ನ ಪಾಲಿಗೆ ಇದು. ‘ಸುಟ್ಟಿಲ್ಲ’ ಎಂದು ಹೇಳಿದ ಮೇಲೂ ಆ ತಿಂಗಳು ಹುಡುಗರ ಪಗಾರ ನಿಲ್ಲಬಾರದು. ಒಳ್ಳೆಯವನಾಗಿರಬೇಕು ಎಂಬ ಆಸೆ 2018ರಲ್ಲೂ ನನಗೆ ಇತ್ತು, ಆಸೆ ಸಾಕಾಗಲಿಲ್ಲ. ಈಗ ಬೆನ್ನಿಗೆ 1 ಲಕ್ಷ 60 ಸಾವಿರ ಇರುವುದರಿಂದ ಸಾಕಾಗುತ್ತಿದೆ. ಅದಕ್ಕೇ ನಾನು ದುಡ್ಡನ್ನು ಹೀಗಳೆಯುವವನಲ್ಲ. ಸಣ್ಣ ವ್ಯಾಪಾರಿಗೆ ತೃಪ್ತಿಯೇ ದೊಡ್ಡದು, ದುಡ್ಡು ಮುಖ್ಯವಲ್ಲ ಎಂದು ಯಾರಾದರೂ ಹೇಳಿದರೆ, ಅವರು ಕಂತಿನ ಹಿಂದಿನ ರಾತ್ರಿ ಅಂಗಡಿಯಲ್ಲಿ ಕೂತವರಲ್ಲ ಎಂದುಕೊಳ್ಳುತ್ತೇನೆ.

ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ. ಕಾಯಕವೇ ಕೈಲಾಸ ಎಂಬ ಮಾತು ಅವರ ವಚನದಲ್ಲಿ ಬರುತ್ತದೆ. ಬಿದ್ದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದ ಕಥೆ ನಿಮಗೂ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಆ ಕಥೆ ಕೇಳಿಯೇ ಬೆಳೆದೆ. ಲಕ್ಕಮ್ಮನ ಮುಂದೆ ತಲೆ ಬಾಗುತ್ತೇನೆ. ಆದರೂ ಮೂರು ತಿಂಗಳ ಅಕ್ಕಿಯನ್ನು ಮಾತ್ರ ನಾನು ವಾಪಸ್ ಸುರಿಯುವುದಿಲ್ಲ. ಅವರಷ್ಟು ಗಟ್ಟಿ ನಾನಲ್ಲ, ಖಾಲಿ ಗಡಿಗೆ ನನ್ನಿಂದ ಏನು ಮಾಡಿಸಿತು ಎಂದು ನೋಡಿದ್ದೇನೆ. ಮೂರು ತಿಂಗಳ ಮೇಲೆ ಉಳಿದದ್ದರ ವಿಷಯದಲ್ಲಿ ಲಕ್ಕಮ್ಮನ ಮಾತನ್ನು ನನ್ನ ಕೈಲಾದಷ್ಟು ನಡೆಸುತ್ತೇನೆ. ಹೋದ ವರ್ಷ ದೊಡ್ಡ ಹುಡುಗನಿಗೆ ಅವನದೇ ಅಂಗಡಿ ಹಾಕಲು ಸುತ್ತುವ ಮಷೀನು, ಮೆಗ್ಗರ್, ಟಾಂಗ್ ಟೆಸ್ಟರ್ ಕೊಡಿಸಿದೆ. ಅವನ ಜಾಗಕ್ಕೆ ಈಗ ಬೇರೆ ಹುಡುಗ ಬಂದಿದ್ದಾನೆ.

ದೊಡ್ಡದಾಗುವುದೇ ಗೆಲುವು ಎನ್ನುವವರಿಗೆ ನಮ್ಮ ಭಾಗದಲ್ಲಿ ಒಂದು ವರ್ಷ ನೆನಪಿಸಿದರೆ ಸಾಕು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನನ್ನ ಸೋದರಮಾವ ಹೊಸಪೇಟೆಯಲ್ಲಿ ಒಂದು ಲಾರಿಯಿಂದ ಶುರು ಮಾಡಿ ನಾಲ್ಕಕ್ಕೆ ಏರಿದ್ದರು, ನಾಲ್ಕಕ್ಕೂ ಕಂತಿತ್ತು. ಮನೆ ಮದುವೆಗಳಲ್ಲಿ ಮುಂದಿನ ಕುರ್ಚಿ ಅವರಿಗೇ. ಆ ತಿಂಗಳು ನಾಲ್ಕೂ ಲಾರಿ ರಸ್ತೆ ಪಕ್ಕ ನಿಂತವು. ದುಡಿಯುವುದರಲ್ಲಿ ಅವರು ಏನೂ ಕಮ್ಮಿ ಮಾಡಿರಲಿಲ್ಲ. ಮೂರು ತಿಂಗಳು ತಡೆಯುವ ದುಡ್ಡು ಮಾತ್ರ ಇರಲಿಲ್ಲ.

ನಿಮ್ಮ ಎರಡನೇ ಅಂಗಡಿಯ ವಿಷಯ. ಬೇಡ ಎಂದು ನಾನು ಹೇಳುವುದಿಲ್ಲ. 2025ರಲ್ಲಿ ನಮ್ಮೂರಿಗೆ ರೈಲು ಬಂದ ಮೇಲೆ ಸ್ಟೇಶನ್ ಕಡೆ ಒಂದು ಮಳಿಗೆ ಹಿಡಿ ಎಂದು ನನಗೂ ಹೇಳುತ್ತಾರೆ, ನಾನೂ ಎರಡು ದಿನ ಯೋಚಿಸಿದೆ. ನೀವು ತೆಗೆಯುವುದಾದರೆ ಮೊದಲು ನಿಮ್ಮ ಮೂರು ತಿಂಗಳದ್ದು ಬೇರೆ ಇಡಿ, ಅದನ್ನು ಬಂಡವಾಳ ಎಂದು ಎಣಿಸಬೇಡಿ. ನಿಮ್ಮೂರಿನ ವ್ಯಾಪಾರವೆಲ್ಲ ಭತ್ತದ ಮೇಲೆ, ಭತ್ತ ನಾಲೆಯ ಮೇಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಸಿಂಧನೂರಿನ ಅಂಗಡಿಯವರ ಎದೆಯಲ್ಲಿ ಏನಾಗಿತ್ತೆಂದು ನೀವೇ ನೋಡಿದ್ದೀರಿ. ವಾರದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು, ಬಚಾವಾದಿರಿ. ಆ ವಾರ ನಿಮ್ಮ ತಲೆಯ ಮೇಲೆ ಎರಡು ಅಂಗಡಿಯ ಬಾಡಿಗೆ ಇದ್ದಿದ್ದರೆ ಹೇಗೆ ನಿದ್ದೆ ಬರುತ್ತಿತ್ತು ಎಂದು ಯೋಚಿಸಿ ನಿರ್ಧಾರ ಮಾಡಿ. ಇನ್ನೊಂದು, ಅಲ್ಲಿ ಕೂರುವ ಹುಡುಗನಿಗೆ ತಿಂಗಳಿಗೆ ಇಷ್ಟು ಮಾರು ಎಂದು ಗುರಿ ಕೊಡಬೇಡಿ. ಗುರಿ ಕೊಟ್ಟರೆ ನಾನು ವಾರ್ನಿಷ್ ಎಳೆದಂತೆ ಅವನೂ ಒಂದು ದಿನ ಎಳೆಯುತ್ತಾನೆ.

ನಿಮ್ಮ ಕೆಲಸವೂ ನನ್ನದರಂಥದೇ. ಗಿರಾಕಿಗೆ ಒಳಗಿನದು ಕಾಣುವುದಿಲ್ಲ. ಧೂಳು ಕೂತ ಚಾರ್ಜಿಂಗ್ ಪಿನ್ನನ್ನು ಬ್ರಷ್ ಹೊಡೆದು ಕೊಟ್ಟರೆ 50 ರೂಪಾಯಿ, ಬೋರ್ಡೇ ಹೋಗಿದೆ ಅಂದರೆ 1,500. ಆರು ವರ್ಷದಲ್ಲಿ ಎಷ್ಟು ಜನರಿಗೆ 50 ರೂಪಾಯಿಯ ಮಾತು ಹೇಳಿ ಕಳಿಸಿದಿರಿ, ಹೇಳುವಾಗ ಯಾವ ತಿಂಗಳು ನಾಲಗೆ ತಡವರಿಸಿತು, ಅದು ನಿಮಗೊಬ್ಬರಿಗೇ ಗೊತ್ತು. ‘ಇನ್ನೂ ಅದೇ ಅಂಗಡಿನಾ’ ಎಂದು ಕೇಳುವ ಗೆಳೆಯರಿಗೆ ಅದು ಗೊತ್ತಿಲ್ಲ, ಅವರ ಮೇಲೆ ಬೇಸರ ಬೇಡ. ಹೌದು, ಅದೇ ಅಂಗಡಿ ಅನ್ನಿ. ಚಹಾ ಕುಡಿಸಿ ಕಳಿಸಿ.

ತಿಂಗಳಿಗೊಮ್ಮೆ ಸಿಂಧನೂರಿಗೆ ಬರುತ್ತಿರುತ್ತೇನೆ, ನನ್ನ ತಂಗಿಯನ್ನು ಅಲ್ಲಿಗೇ ಕೊಟ್ಟಿದ್ದೇವೆ. ಅಂಗಡಿ ಯಾವ ಕಡೆ ಬರುತ್ತದೆ ಹೇಳಿ. ಹದಿನೈದು ದಿನದಿಂದ ನನ್ನ ಫೋನು ಒಂದು ಮಗ್ಗುಲು ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿದೆ. ತರುತ್ತೇನೆ, ಬಿಚ್ಚಿ ನೋಡಿ ಏನಾಗಿದೆ ಹೇಳಿ.